ಮೌಸ್ ಬದಲಿಸುವ ಮುನ್ನ ನೋವು ಎಲ್ಲಿದೆ ನೋಡಿ

ಕನ್ನಡ ಪುಸ್ತಕಗಳ ಪುಟ ವಿನ್ಯಾಸ ಮಾಡುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ಚಾಮರಾಜಪೇಟೆಯ ಒಂದು ಮುದ್ರಣಾಲಯದ ಮಹಡಿಯಲ್ಲಿ ಕುಳಿತು ಸಾಲು ಹೊಂದಿಸುತ್ತಾ, ಒತ್ತಕ್ಷರಗಳು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ತಾಗದಂತೆ ನೋಡಿಕೊಳ್ಳುತ್ತಾ, ಚಿತ್ರಗಳನ್ನು ಅರ್ಧ ಮಿಲಿಮೀಟರ್ ಆಚೀಚೆ ಸರಿಸುತ್ತಾ ಬಂದಿದ್ದೇನೆ. ಮೂರು ವರ್ಷಗಳ ಹಿಂದೆ ಒಂದು ದೊಡ್ಡ ನಿಘಂಟಿನ ಕೆಲಸ ಮುಗಿಯುವ ಹೊತ್ತಿಗೆ ಬಲಗೈಯಿಂದ ಕಾಫಿ ಲೋಟ ಎತ್ತುವುದೂ ಕಷ್ಟವಾಯಿತು. ಗೊತ್ತಿದ್ದವರನ್ನೆಲ್ಲ ಕೇಳಿದೆ. ಮೌಸ್ ಬದಲಿಸು ಎಂದರು. ಯಾವುದು ಒಳ್ಳೆಯದು ಎಂದು ಕೇಳಿದೆ. ಟ್ರ್ಯಾಕ್‌ಬಾಲ್ ಎಂದರು. ಹೆಬ್ಬೆರಳಿನಿಂದ ಗುಂಡು ಉರುಳಿಸುವ ಒಂದನ್ನು ಕೊಂಡು ತಂದೆ. ಎರಡೇ ವಾರದಲ್ಲಿ ನೋವು ಇಮ್ಮಡಿಯಾಯಿತು.

ತಪ್ಪು ಸಾಧನದ್ದಲ್ಲ, ನನ್ನ ಪ್ರಶ್ನೆಯದು. ಆಮೇಲೆ ಹೋದ ಫಿಸಿಯೋಥೆರಪಿಸ್ಟ್ ಕುಳಿತ ತಕ್ಷಣ ಕೇಳಿದ್ದು ಒಂದೇ ಮಾತು: "ನೋವು ಎಲ್ಲಿ? ಇನ್ನೊಂದು ಕೈಯ ಒಂದೇ ಬೆರಳಿನಿಂದ ಮುಟ್ಟಿ ತೋರಿಸಿ." ನಾನು ಮುಟ್ಟಿ ತೋರಿಸಿದ್ದು ಹೆಬ್ಬೆರಳಿನ ಬುಡ. ಇಡೀ ದಿನ ಅದೇ ಹೆಬ್ಬೆರಳಿನಿಂದ ಗುಂಡು ಉರುಳಿಸುತ್ತಿದ್ದೆ. ಆದ್ದರಿಂದ ಬಗೆಬಗೆಯ ಮೌಸ್‌ಗಳ ಈ ಹೋಲಿಕೆಯನ್ನು ಸಾಧನಗಳಿಂದ ಶುರುಮಾಡದೆ ಕೈಯಿಂದ ಶುರುಮಾಡುತ್ತೇನೆ.

ಬೆರಳಿಟ್ಟು ತೋರಿಸಿ

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಯ ಅಂಚಿನಲ್ಲಿ ನೋವಿದೆಯೇ? ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮೇಲೆ ಉಳಿದ ಬೆರಳುಗಳನ್ನು ಮುಚ್ಚಿ, ಮುಷ್ಟಿಯನ್ನು ಮೆಲ್ಲನೆ ಕಿರುಬೆರಳಿನ ಕಡೆಗೆ ಬಾಗಿಸಿ. ಚಳಕು ಹೊಡೆದರೆ ಅದು ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳ ತೊಂದರೆಯಾಗಿರಬಹುದು. ವೈದ್ಯರು ಇದನ್ನು ಡಿ ಕ್ವೆರ್ವೇನ್ ಎನ್ನುತ್ತಾರೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯರ ಹೆಸರು ಅದು. ಬಟ್ಟೆ ಹಿಂಡುವವರಿಗೆ, ಹಸುಗೂಸನ್ನು ಮತ್ತೆ ಮತ್ತೆ ಎತ್ತಿಕೊಳ್ಳುವ ತಾಯಂದಿರಿಗೆ ಇದು ಬರುತ್ತದೆ. ಹೆಬ್ಬೆರಳಿನಲ್ಲೇ ಮೊಬೈಲ್ ಒತ್ತುವ ನಮ್ಮೆಲ್ಲರಿಗೂ ಈ ನೋವು ಹತ್ತಿರದ್ದೇ. ಇಂಥವರು ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ಮುಟ್ಟಬಾರದು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆಯೇ? ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸುತ್ತದೆಯೇ? ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಹಾಯ್ದುಬರುವ ನರದ ಮೇಲೆ ಒತ್ತಡ ಬಿದ್ದಾಗ ಹೀಗಾಗುತ್ತದೆ. ಇದೇ ಕಾರ್ಪಲ್ ಟನಲ್. ಇಲ್ಲಿ ದಯವಿಟ್ಟು ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಯಾವ ಮೌಸ್ ಕೂಡ ಇದಕ್ಕೆ ಚಿಕಿತ್ಸೆಯಲ್ಲ. ಕೈಯಿಂದ ವಸ್ತುಗಳು ಜಾರಿ ಬೀಳತೊಡಗಿದ್ದರಂತೂ ಒಂದು ವಾರವೂ ತಡಮಾಡಬೇಡಿ.

ಉಂಗುರಬೆರಳು, ಕಿರುಬೆರಳು ಮರಗಟ್ಟುತ್ತಿದ್ದರೆ ಅದು ಬೇರೆ ನರ. ಅದು ಮೊಣಕೈಯ ಹಿಂಭಾಗದಲ್ಲಿ, ಮೂಳೆಗೆ ಒತ್ತಿಕೊಂಡೇ ಹಾಯುತ್ತದೆ. ಮೇಜಿನ ಅಂಚಿಗೋ ಕುರ್ಚಿಯ ಗಟ್ಟಿ ಕೈಗೋ ಮೊಣಕೈ ಊರಿ ಕೂರುವವರಿಗೆ ಇದು ಸಾಮಾನ್ಯ, ಮೌಸಿಗೆ ಇದರಲ್ಲಿ ಹೆಚ್ಚಿನ ಪಾತ್ರವಿರುವುದಿಲ್ಲ. ಮೊಣಕೈಯ ಹೊರಬದಿಯಲ್ಲಿ ನೋವಿದ್ದರೆ, ಬೆರಳುಗಳನ್ನು ಮೌಸಿನ ಗುಂಡಿಯ ಮೇಲೆ ಎತ್ತಿ ಹಿಡಿದು ಗಂಟೆಗಟ್ಟಲೆ ಕಾಯುವ ಅಭ್ಯಾಸವನ್ನು ಅನುಮಾನಿಸಿ. ಮಣಿಕಟ್ಟನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಭುಜ, ಹೆಗಲು ನೋಯುತ್ತಿದ್ದರೆ ನಿಮ್ಮ ಮೌಸ್ ನಿಮ್ಮಿಂದ ದೂರವಿದೆ ಎಂದು ಅರ್ಥ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ದಿನಕ್ಕೆ ಎರಡು ಗಂಟೆ ಸ್ಕೂಟರ್ ಓಡಿಸುವವರು ಬಲಗೈ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿಯೇ ಆಕ್ಸಿಲರೇಟರ್ ತಿರುವುತ್ತಾರೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅದೇ ಮಣಿಕಟ್ಟು ಅರ್ಧ ದಿನದ ಕೆಲಸ ಮುಗಿಸಿರುತ್ತದೆ. ಕಚೇರಿಯಲ್ಲಿ ಎಂಥ ಸಾಧನ ಇಟ್ಟುಕೊಂಡರೂ ಈ ಲೆಕ್ಕ ಬಿಡುವುದಿಲ್ಲ. ನಾನು ವಾರಕ್ಕೆ ಮೂರು ದಿನ ಬಸ್ಸಿಗೆ ಬದಲಾದ ಮೇಲೆ ಸಿಕ್ಕ ಆರಾಮ ಯಾವ ಮೌಸಿನಿಂದಲೂ ಸಿಕ್ಕಿರಲಿಲ್ಲ.

ಹೆಚ್ಚು ಕಾಸು ಖರ್ಚಾಗದ ಬದಲಾವಣೆ

ಒಂದು ಅಳತೆಪಟ್ಟಿ ತೆಗೆದುಕೊಂಡು ಕೀಲಿಮಣೆಯ ಬಲತುದಿಯಲ್ಲಿರುವ ಅಂಕಿಗಳ ಭಾಗವನ್ನು ಅಳೆಯಿರಿ. ಸುಮಾರು 8 ಸೆಂಟಿಮೀಟರ್ ಇರುತ್ತದೆ. ಅದನ್ನು ಬಳಸದವರೂ ಅದರಾಚೆಗೆ ಮೌಸ್ ಇಟ್ಟುಕೊಂಡು ದಿನವಿಡೀ ಅಷ್ಟು ದೂರ ತೋಳು ಚಾಚಿರುತ್ತಾರೆ. ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಕನ್ನಡ ಟೈಪಿಸುವ ನಮ್ಮಂಥವರಿಗೆ ಬೇಕಿರುವುದು ಅಕ್ಷರಗಳ ಭಾಗವಷ್ಟೇ. ಅಂಕಿಗಳ ಭಾಗವಿಲ್ಲದ ಕೀಲಿಮಣೆ ತಂದರೆ ಮೌಸ್ ತಾನಾಗಿ ಮೈಗೆ ಹತ್ತಿರ ಬರುತ್ತದೆ. ಭುಜದ ನೋವಿರುವವರು ದುಬಾರಿ ಮೌಸಿಗಿಂತ ಮೊದಲು ಇದನ್ನೇ ಮಾಡಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಬಾಣದ ಗುರುತಿನ ವೇಗ ಸ್ವಲ್ಪ ಹೆಚ್ಚಿಸಿ, ಕೈ ಕಡಿಮೆ ಓಡಾಡುತ್ತದೆ. ವಿಂಡೋಸ್‌ನ ಮೌಸ್ ಆಯ್ಕೆಗಳಲ್ಲಿ ಕ್ಲಿಕ್‌ಲಾಕ್ ಎಂಬುದಿದೆ. ಅದನ್ನು ಚಾಲೂ ಮಾಡಿದರೆ ಗುಂಡಿಯನ್ನು ಕ್ಷಣಕಾಲ ಒತ್ತಿ ಬಿಟ್ಟು ಎಳೆಯಬಹುದು, ಎಳೆಯುವಷ್ಟೂ ಹೊತ್ತು ಅದುಮಿ ಹಿಡಿಯಬೇಕಿಲ್ಲ. ಪುಟದ ಮೇಲೆ ಚಿತ್ರ ಎಳೆದಾಡುವ ನನ್ನಂಥವರಿಗೆ ಇದು ದೊಡ್ಡ ಉಪಕಾರ. ಇಷ್ಟು ವರ್ಷ ಅದು ಅಲ್ಲೇ ಇದ್ದರೂ ಯಾರೂ ಹೇಳಿರಲಿಲ್ಲ.

ಮೌಸನ್ನು ಎಡಗೈಗೆ ದಾಟಿಸುವುದು ಇನ್ನೊಂದು ದಾರಿ. ಎಡಗೈ ಎಂದರೆ ನಮ್ಮಲ್ಲಿ ಸಂಕೋಚ, ಚಿಕ್ಕವರಿದ್ದಾಗಿನಿಂದ ತಿದ್ದಿಸಿಕೊಂಡು ಬೆಳೆದಿರುತ್ತೇವೆ. ನನ್ನ ಅತ್ತಿಗೆ ರಾಜಾಜಿನಗರದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಟ್ಯಾಲಿಯಲ್ಲಿ ಇಡೀ ದಿನ ಬಲಗೈಯಿಂದ ಅಂಕಿ ಹೊಡೆಯಬೇಕು. ಅಂಕಿಗಳ ಭಾಗ ತೆಗೆಸುವಂತಿರಲಿಲ್ಲ. ಎರಡೂ ಕೈಗೆ ಒಗ್ಗುವ ಸಾದಾ ಮೌಸನ್ನು ಎಡಕ್ಕಿಟ್ಟುಕೊಳ್ಳಿ ಎಂದು ಹೇಳಿದೆ. ಮೊದಲ ವಾರ ಅಳು ಬರುವಷ್ಟು ನಿಧಾನ. ಈಗ ಬಲಗೈ ಅಂಕಿಗಳ ಮೇಲಿಂದ ಏಳುವುದೇ ಇಲ್ಲ, ಎಡಗೈ ಮೌಸಿನಿಂದ ಏಳುವುದಿಲ್ಲ, ಕೆಲಸವೂ ಮೊದಲಿಗಿಂತ ಬೇಗ. ಅವರಿಗೆ ಹೊಸ ಸಾಧನಕ್ಕಾಗಿ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನಿಲುವು ಮೌಸ್

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅಂಗೈ ನೆಲಕ್ಕೆ ಮುಖ ಮಾಡಿದಾಗ ಒಂದು ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಸಾದಾ ಮೌಸ್ ಹಿಡಿದಷ್ಟೂ ಹೊತ್ತು ಮುಂಗೈ ಹಾಗೆ ತಿರುಚಿಕೊಂಡೇ ಇರುತ್ತದೆ. ಈಗ ಕಾಫಿ ಲೋಟ ಹಿಡಿದ ಕೈಯನ್ನು ನೆನಪಿಸಿಕೊಳ್ಳಿ: ಹೆಬ್ಬೆರಳು ಮೇಲೆ, ಅಂಗೈ ಪಕ್ಕಕ್ಕೆ, ತಿರುಚು ಬಹುಮಟ್ಟಿಗೆ ಬಿಟ್ಟಿರುತ್ತದೆ. ನಿಲುವು ಮೌಸ್ ಕೈಯನ್ನು ಆ ಭಂಗಿಗೆ ಹತ್ತಿರ ತರುತ್ತದೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ ಮತ್ತು ಲಿಫ್ಟ್ ಎರಡರಲ್ಲೂ ಓರೆ 57 ಡಿಗ್ರಿ. ಇವೊಲ್ಯುಯೆಂಟ್‌ನದು ಇನ್ನಷ್ಟು ನೆಟ್ಟಗೆ ನಿಲ್ಲುತ್ತದೆ.

ಕಲಿಯಲು ಇದು ಎಲ್ಲಕ್ಕಿಂತ ಸುಲಭ, ಏಕೆಂದರೆ ಇದೂ ಮೌಸೇ. ಮುಂಗೈ ಬಿಗಿತ, ಮೊಣಕೈ ನೋವು ಇರುವವರು ಮೊದಲು ಇದನ್ನು ನೋಡಬಹುದು. ಆದರೆ ಅಳತೆ ತಪ್ಪಿದರೆ ಹಣ ನೀರಿಗೆ ಹಾಕಿದಂತೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದುಕೊಳ್ಳಿ. 19 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಚಿಕ್ಕ ಕೈಗೆಂದೇ ಮಾಡಿದ ಲಿಫ್ಟ್‌ನಂಥದ್ದು ಬೇಕು. ಹೆಚ್ಚಿದ್ದರೆ ಎಂಎಕ್ಸ್ ವರ್ಟಿಕಲ್‌ನಂಥ ದೊಡ್ಡದು. ನನ್ನ ಕೈ 17. ಸ್ನೇಹಿತರಿಂದ ಮೊದಲು ಎರವಲು ತಂದಿದ್ದ ನಿಲುವು ಮೌಸ್ ದೊಡ್ಡದಾಗಿತ್ತು. ಗುಂಡಿ ಮುಟ್ಟಲು ಬೆರಳು ಚಾಚಿ ಚಾಚಿ ಅಂಗೈಯೇ ನೋಯತೊಡಗಿತು. ಎಡಗೈಯವರು ಗಮನಿಸಿ: ಲಿಫ್ಟ್‌ನಲ್ಲಿ ಎಡಗೈಗೆ ಬೇರೆಯದೇ ಮಾದರಿ ಇದೆ, ಬಲಗೈಯದನ್ನು ಎಡಕ್ಕಿಟ್ಟು ಬಳಸಲು ಆಗುವುದಿಲ್ಲ.

ಇದರ ದೋಷವನ್ನೂ ಹೇಳಬೇಕು. ಸಾದಾ ಮೌಸಿನಲ್ಲಿ ಗುಂಡಿಯನ್ನು ಕೆಳಕ್ಕೆ ಒತ್ತುತ್ತೇವೆ, ಮೇಜು ತಡೆಯುತ್ತದೆ. ಇದರಲ್ಲಿ ಪಕ್ಕಕ್ಕೆ ಒತ್ತುವುದರಿಂದ ಪ್ರತಿ ಒತ್ತಿಗೂ ಮೌಸ್ ಕೂದಲೆಳೆಯಷ್ಟು ಸರಿಯುತ್ತದೆ. ತಡೆಯಲು ಹೆಬ್ಬೆರಳು ಎದುರು ಕಡೆಯಿಂದ ಒತ್ತಬೇಕು. ಅಕ್ಷರಗಳ ನಡುವಿನ ಸಂದಿ ಹೊಂದಿಸುವಾಗ ಇದು ನನ್ನನ್ನು ಎರಡು ವಾರ ಕಾಡಿತು. ಜೊತೆಗೆ ಇದೂ ಮೇಜಿನ ಮೇಲೆ ಓಡಾಡುವುದೇ ಆದ್ದರಿಂದ ಭುಜಕ್ಕೆ ಬಿಡುವು ಕೊಡುವುದಿಲ್ಲ.

ಟ್ರ್ಯಾಕ್‌ಬಾಲ್

ನನಗೆ ಎಲ್ಲಕ್ಕಿಂತ ಪ್ರೀತಿ ಇದರ ಮೇಲೆ. ಸಾಧನ ಇದ್ದಲ್ಲೇ ಇರುತ್ತದೆ, ಗುಂಡು ಮಾತ್ರ ತಿರುಗುತ್ತದೆ. ತೋಳು ಚಲಿಸುವುದಿಲ್ಲ, ಜಾಗ ಬೇಡ, ಕರಡು ಹಾಳೆಗಳ ರಾಶಿಯ ನಡುವೆ ಒಂದು ಅಂಗೈ ಅಗಲ ಸಿಕ್ಕರೆ ಸಾಕು. ಇದು ಯಾವುದೋ ಹೊಸ ವಿಚಿತ್ರ ವಸ್ತು ಎಂದು ಹಿಂಜರಿಯುವವರಿಗೆ ಹೇಳುತ್ತೇನೆ: ಟ್ರ್ಯಾಕ್‌ಬಾಲ್ ಮೌಸಿಗಿಂತ ಹಳೆಯದು. ಕೆನಡಾದ ನೌಕಾಪಡೆಯ ದಾತಾರ್ ಯೋಜನೆಯಲ್ಲಿ 1952ರ ಹೊತ್ತಿಗೇ ಬೌಲಿಂಗ್ ಆಟದ ಚೆಂಡನ್ನು ಇಟ್ಟು ಟ್ರ್ಯಾಕ್‌ಬಾಲ್ ಮಾಡಿದ್ದರು. ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ಮೌಸನ್ನು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯ ಮುಂದೆ ತೋರಿಸಿದ್ದು 1968ರ ಡಿಸೆಂಬರ್ 9ರಂದು.

ಎರಡು ಬಗೆಗಳಿವೆ, ಅವುಗಳ ನಡುವಿನ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯ. ಲಾಜಿಟೆಕ್ ಎಂ575, ಎಂಎಕ್ಸ್ ಎರ್ಗೊ ಮುಂತಾದವುಗಳಲ್ಲಿ ಗುಂಡು ಪಕ್ಕದಲ್ಲಿರುತ್ತದೆ, ಹೆಬ್ಬೆರಳಿನಿಂದ ಉರುಳಿಸಬೇಕು. ಗುಂಡಿಗಳು ಸಾದಾ ಮೌಸಿನ ಜಾಗದಲ್ಲೇ ಇರುವುದರಿಂದ ಎರಡು ಮೂರು ದಿನಗಳಲ್ಲಿ ಒಗ್ಗುತ್ತದೆ. ಭುಜ ಅಥವಾ ಮೊಣಕೈ ನೋವಿದ್ದು ಹೆಬ್ಬೆರಳು ಗಟ್ಟಿಯಾಗಿರುವವರಿಗೆ ಇದು ಒಳ್ಳೆಯ ಆಯ್ಕೆ. ಬಲಗೈಗೆ ಮಾತ್ರ.

ಕೆನ್ಸಿಂಗ್‌ಟನ್‌ನ ಎಕ್ಸ್‌ಪರ್ಟ್ ಮೌಸ್, ಆರ್ಬಿಟ್ ಮುಂತಾದವು ಎರಡನೆಯ ಬಗೆ. ಗುಂಡು ನಡುವೆ, ಕೈಯ ಕೆಳಗೆ. ಎಕ್ಸ್‌ಪರ್ಟ್‌ನ ಗುಂಡು 55 ಮಿಲಿಮೀಟರ್, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟು, ಆರ್ಬಿಟ್‌ನದು 40. ಎರಡು ಮೂರು ಬೆರಳುಗಳು ಸೇರಿ ಉರುಳಿಸುವುದರಿಂದ ಭಾರ ಹಂಚಿಹೋಗುತ್ತದೆ. ಆಕಾರ ಎರಡೂ ಬದಿಗೆ ಒಂದೇ ಆದ್ದರಿಂದ ಬೆಳಿಗ್ಗೆ ಬಲಕ್ಕೆ, ಮಧ್ಯಾಹ್ನ ಎಡಕ್ಕೆ ಇಟ್ಟುಕೊಳ್ಳಬಹುದು. ಎಕ್ಸ್‌ಪರ್ಟ್‌ನಲ್ಲಿ ಗುಂಡಿನ ಸುತ್ತ ಒಂದು ಬಳೆ ಇದೆ, ತಿರುಗಿಸಿದರೆ ಪುಟ ಸರಿಯುತ್ತದೆ. ಆರುನೂರು ಪುಟಗಳ ಕರಡನ್ನು ಆ ಬಳೆ ತಿರುಗಿಸುತ್ತಾ ಓದುವ ಸುಖವನ್ನು ಬರೆದು ತಿಳಿಸಲಾರೆ. ಕಲಿಯಲು ಮಾತ್ರ ಎರಡು ವಾರ ಬೇಕು. ಬಹಳಷ್ಟು ಮಾದರಿಗಳು ಎತ್ತರವಾಗಿರುತ್ತವೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಜೊತೆಗೆ ಬಂದ ಕೈಯೊರಗನ್ನು ಎಸೆಯಬೇಡಿ. ಇಲ್ಲದಿದ್ದರೆ ಹಳೆಯ ಕೈವಸ್ತ್ರ ಮಡಚಿ ಇಟ್ಟುಕೊಳ್ಳಿ.

ಗುಂಡು ಹಿಡಿದುಕೊಂಡೇ ಗುಂಡಿ ಒತ್ತಿ ಎಳೆಯುವುದು ಎರಡೂ ಬಗೆಗಳಲ್ಲಿ ಕಷ್ಟ. ಮೇಲೆ ಹೇಳಿದ ಕ್ಲಿಕ್‌ಲಾಕ್ ಇಲ್ಲಿ ಕೈಹಿಡಿಯುತ್ತದೆ.

ಶುಚಿ ಮಾಡುವುದನ್ನು ಯಾರೂ ಹೇಳಿಕೊಡುವುದಿಲ್ಲ, ನಾನು ಹೇಳುತ್ತೇನೆ. ಹತ್ತು ಹದಿನೈದು ದಿನಗಳಾದ ಮೇಲೆ ಬಾಣ ತಡವರಿಸತೊಡಗುತ್ತದೆ, ಸಾಧನ ಕೆಟ್ಟಿತೆಂದು ಗಾಬರಿಯಾಗುತ್ತದೆ. ಗುಂಡನ್ನು ಹೊರತೆಗೆಯಿರಿ, ಕೆಲವದರಲ್ಲಿ ಅಡಿಯ ತೂತಿನಿಂದ ಪೆನ್ಸಿಲಿನ ಹಿಂತುದಿ ತೂರಿಸಿ ತಳ್ಳಬೇಕು. ಖಾಲಿಯಾದ ಕುಳಿಯೊಳಗೆ ಇಣುಕಿದರೆ ಗುಂಡು ಕೂರುವ ಮೂರು ಪುಟ್ಟ ಬಿಳಿ ಕಾಳುಗಳು ಕಾಣುತ್ತವೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಪ್ರತಿಯೊಂದರ ಸುತ್ತ ಬೂದು ಬಣ್ಣದ ನೂಲಿನಂಥ ಉಂಗುರ ಕಟ್ಟಿಕೊಂಡಿರುತ್ತದೆ: ಬೆರಳಿನ ಜಿಡ್ಡು, ಕಾಗದದ ಧೂಳು. ಉಗುರಿನಿಂದ ಕೆರೆದರೆ ಇಡಿಯಾಗಿ ಎದ್ದು ಬರುತ್ತದೆ. ಗುಂಡನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದರೆ ಹೊಸದರಂತೆ ಜಾರುತ್ತದೆ. ಚಕ್ಕುಲಿ, ಕೋಡುಬಳೆ ತಿನ್ನುತ್ತಾ ಕೆಲಸ ಮಾಡುವವರು ಈ ಕೆಲಸವನ್ನು ವಾರಕ್ಕೊಮ್ಮೆ ಮಾಡಬೇಕಾಗುತ್ತದೆ.

ಉಳಿದವು

ಆಪಲ್ ಗಣಕ ಇರುವವರಿಗೆ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಚೆನ್ನಾಗಿದೆ. ಏನನ್ನೂ ಹಿಡಿದುಕೊಳ್ಳಬೇಕಿಲ್ಲ, ಮೂರು ಬೆರಳಿನಿಂದ ಎಳೆಯುವ ಸೌಲಭ್ಯವನ್ನು ಚಾಲೂ ಮಾಡಿಕೊಂಡರೆ ಅದುಮುವುದೂ ತಪ್ಪುತ್ತದೆ. ವಿಂಡೋಸ್ ಬಳಸುವವರಿಗೆ ಇದನ್ನು ಹೇಳಲಾರೆ.

ಚಿತ್ರ ಬಿಡಿಸುವವರಿಗೆ, ಫೋಟೋ ತಿದ್ದುವವರಿಗೆ ವಾಕಾಮ್‌ನಂಥ ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನು ಆಡಿಸುವ ಹಲಗೆ. ಚಿಕ್ಕ ಅಳತೆಯೇ ಸಾಕು. ದೊಡ್ಡದಾದಷ್ಟೂ ತೋಳು ಹೆಚ್ಚು ಓಡಾಡಬೇಕು. ಹಲಗೆಯ ಮೂಲೆ ಮುಟ್ಟಿದರೆ ಪರದೆಯ ಮೂಲೆಗೇ ಹೋಗುವುದರಿಂದ ತುಂಬ ನೇರ. ಆದರೆ ಬರೆಯುವುದು, ಟೈಪಿಸುವುದು ಎರಡೂ ಬೆರೆತ ಕೆಲಸದಲ್ಲಿ ಪೆನ್ನು ಕೆಳಗಿಡುವುದು, ಎತ್ತುವುದು ನೂರು ಸಲ ಆಗುತ್ತದೆ. ಪೆನ್ನನ್ನು ಬಿಗಿಯಾಗಿ ಹಿಡಿಯುವ ಅಭ್ಯಾಸವಿದ್ದರೆ ಹೆಬ್ಬೆರಳಿನ ನೋವು ಇಲ್ಲಿಯೂ ಹಿಂಬಾಲಿಸುತ್ತದೆ.

ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳ ಕೀಲಿಗಳ ನಡುವೆ 1992ರಿಂದ ಕೂತಿರುವ, ಬೆರಳಿನಿಂದ ತಳ್ಳಿ ಬಾಣ ಸರಿಸುವ ಕೆಂಪು ಚುಕ್ಕೆಯನ್ನು ಮರೆಯಬಾರದು. ಕೈ ಕೀಲಿಮಣೆಯಿಂದ ಏಳುವುದೇ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಂತ್ರಾಂಶ ಪರೀಕ್ಷಿಸುವ ನನ್ನ ಸ್ನೇಹಿತೆ ಹತ್ತು ವರ್ಷಗಳಿಂದ ಬೇರೇನನ್ನೂ ಮುಟ್ಟಿಲ್ಲ. ಟೈಪಿಸುವುದೇ ಹೆಚ್ಚಾಗಿರುವವರಿಗೆ ಸರಿ, ದಿನವಿಡೀ ಎಳೆದಾಡುವವರಿಗೆ ತೋರುಬೆರಳು ಸೋತುಹೋಗುತ್ತದೆ. ಕೀಲಿಮಣೆಯ ಮುಂದೆ ಉದ್ದಕ್ಕೆ ಮಲಗಿರುವ ಉರುಳೆಯ ಸಾಧನಗಳೂ ಇವೆ. ಭುಜದ ನೋವಿಗೆ ಒಳ್ಳೆಯ ಯೋಚನೆ, ಆದರೆ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ.

ಕೊಳ್ಳುವಾಗ

ಎಸ್‌.ಪಿ. ರಸ್ತೆಯ ಗಣಕದ ಅಂಗಡಿಗಳಿಗೆ ಹೋಗುವುದಾದರೆ ಭಾನುವಾರ ಬಿಟ್ಟು ಬೇರೆ ದಿನ, ಬೆಳಿಗ್ಗೆ ಹೋಗಿ. ಜನ ಕಡಿಮೆಯಿದ್ದಾಗ ಅಂಗಡಿಯವರು ಮಾತಿಗೆ ಸಿಗುತ್ತಾರೆ. ಕಡಿಮೆ ಬೆಲೆಯ ನಿಲುವು ಮೌಸ್‌ಗಳು ಅಲ್ಲಿ ಬೇಕಾದಷ್ಟಿವೆ, ಇದು ಕೈಗೆ ಒಗ್ಗುತ್ತದೆಯೇ ಎಂದು ನೋಡಲು ಮೊದಲು ಅಂಥದ್ದೊಂದನ್ನು ತರುವುದು ಜಾಣತನ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಹಿಡಿದು ನೋಡಲು ಬಿಡುವುದಿಲ್ಲ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ತೋರಿಕೆಗೆ ಇಟ್ಟ ತುಣುಕು ಸಿಕ್ಕರೆ ನಿಂತುಕೊಂಡು ಹಿಡಿಯಬೇಡಿ, ಸ್ಟೂಲು ಕೇಳಿ ಕುಳಿತು, ಮೊಣಕೈಯನ್ನು ಮೇಜಿನ ಮಟ್ಟಕ್ಕೆ ತಂದು ಹಿಡಿಯಿರಿ. ಬೆರಳು ಚಾಚದೆ ಗುಂಡಿ ಮುಟ್ಟಬೇಕು, ಕಿರುಬೆರಳು ಮೇಜಿಗೆ ಉಜ್ಜಬಾರದು. ಬಿಲ್ ಇಲ್ಲದೆ ತರಬೇಡಿ, ವಾರಂಟಿಗೆ ಅದೇ ಆಧಾರ. ಬೆರಳಿನ ಟ್ರ್ಯಾಕ್‌ಬಾಲ್ ನನಗೆ ಆ ಬೀದಿಯಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ತರಿಸುವ ಮುನ್ನ ಹಿಂತಿರುಗಿಸಲು ಎಷ್ಟು ದಿನ ಕೊಡುತ್ತಾರೆ ಎಂದು ಓದಿಕೊಳ್ಳಿ, ಬಂದ ದಿನದಿಂದಲೇ ಬಳಸಿ.

ಹೊಸದು ಬಂದ ದಿನವೇ ಹಳೆಯದನ್ನು ಕಿತ್ತಿಡಬೇಡಿ. ಎರಡನ್ನೂ ಗಣಕಕ್ಕೆ ಒಟ್ಟಿಗೆ ಜೋಡಿಸಬಹುದು, ಎರಡೂ ಕೆಲಸ ಮಾಡುತ್ತವೆ. ಮೊದಲ ಮೂರು ದಿನ ಅರ್ಧ ಗಂಟೆ ಹೊಸದು, ಉಳಿದದ್ದು ಹಳೆಯದು. ಪುಸ್ತಕ ಅಚ್ಚಿಗೆ ಹೋಗುವ ವಾರದಲ್ಲಂತೂ ಯಾವ ಪ್ರಯೋಗವೂ ಬೇಡ. ಹೊಸ ಜಾಗದಲ್ಲಿ ಸಣ್ಣ ಆಯಾಸ ಬರುವುದು ಸಹಜ, ಎರಡು ವಾರ ಕಳೆದರೂ ಹೋಗದಿದ್ದರೆ ಅಥವಾ ನೋವಾಗಿ ತಿರುಗಿದರೆ ಮುಲಾಜಿಲ್ಲದೆ ಹಿಂತಿರುಗಿಸಿ.

ನನ್ನ ಮೇಜಿನ ಮೇಲೆ ಈಗ ಎಡಕ್ಕೆ ಬೆರಳಿನ ಟ್ರ್ಯಾಕ್‌ಬಾಲ್, ಬಲಕ್ಕೆ ಚಿಕ್ಕ ಅಳತೆಯ ನಿಲುವು ಮೌಸ್, ನಡುವೆ ಅಂಕಿಗಳಿಲ್ಲದ ಕೀಲಿಮಣೆ ಇವೆ. ಓದುವುದು, ಪುಟ ಸರಿಸುವುದು ಎಡಗೈಗೆ. ಅಳತೆ ಹಿಡಿಯುವ ಕೆಲಸ ಬಲಗೈಗೆ. ಮೊದಲು ಕೊಂಡಿದ್ದ ಹೆಬ್ಬೆರಳಿನ ಟ್ರ್ಯಾಕ್‌ಬಾಲನ್ನು ತಮ್ಮನಿಗೆ ಕೊಟ್ಟೆ. ಅವನಿಗೆ ನೋವಿದ್ದದ್ದು ಭುಜದಲ್ಲಿ. ಎರಡು ತಿಂಗಳ ಮೇಲೆ ಫೋನ್ ಮಾಡಿ, "ಅಕ್ಕ, ಇದನ್ನು ವಾಪಸ್ ಕೇಳಬೇಡ" ಎಂದ.